ಥೀಮ್ ಪಾರ್ಕಿನಲ್ಲಿ ಮಗಳ ಮೊದಲ ಕೆಲಸ: ಸಲಹೆ ಬೇಕು

ಪ್ರಶ್ನೆ: 16 ತುಂಬಿದ ನನ್ನ ಮಗಳು ರಜೆಯಲ್ಲಿ ಥೀಮ್ ಪಾರ್ಕಿನಲ್ಲಿ ದುಡಿಯುತ್ತೇನೆಂದು ಹಟ ಹಿಡಿದಿದ್ದಾಳೆ. ಅನುಭವವಿಲ್ಲದವರನ್ನು ತೆಗೆದುಕೊಳ್ಳುತ್ತಾರೆಯೇ? ಸಂದರ್ಶನದಲ್ಲಿ ಏನು ಕೇಳುತ್ತಾರೆ?

ಉತ್ತರ 1: ತೆಗೆದುಕೊಳ್ಳುತ್ತಾರೆ. ರಜೆಯ ಜನಸಂದಣಿಗೆ ತಾತ್ಕಾಲಿಕ ನೌಕರರು ಬೇಕಾಗುವುದರಿಂದ ಸೀಸನ್ನಿಗೆ ಕೆಲವು ತಿಂಗಳು ಮೊದಲೇ ಅರ್ಜಿ ಹಾಕುವುದು ಒಳ್ಳೆಯದು. ದೊಡ್ಡ ರೈಡ್‌ಗಳನ್ನು ನಡೆಸುವ ಹೊಣೆಯನ್ನು ಸಾಮಾನ್ಯವಾಗಿ 18 ತುಂಬಿದವರಿಗೇ ಕೊಡುವುದರಿಂದ, ನಿಮ್ಮ ಮಗಳು ಟಿಕೆಟ್ ಕೌಂಟರ್ ಅಥವಾ ತಿಂಡಿ ಮಳಿಗೆಯ ಕೆಲಸ ಕೇಳಲಿ.

ಉತ್ತರ 2: ನಾನು ಇಂತಹ ಸಂದರ್ಶನಗಳನ್ನು ನಡೆಸಿದ್ದೇನೆ. ತಾಯಿಯಿಂದ ತಪ್ಪಿಸಿಕೊಂಡ ಮಗುವೊಂದು ಅಳುತ್ತಾ ಎದುರು ನಿಂತರೆ ಏನು ಮಾಡುವಿರಿ ಎಂದು ಕೇಳಿದಾಗ, ಮಗುವನ್ನು ಒಂಟಿಯಾಗಿ ಬಿಡದೆ ಮೇಲ್ವಿಚಾರಕರಿಗೆ ತಿಳಿಸುತ್ತೇನೆ ಎಂದವರನ್ನೇ ಆರಿಸುತ್ತಿದ್ದೆ. ಭಾನುವಾರ ಬರಲಾರೆ ಎನ್ನುವವರಿಗೆ (ಎಷ್ಟೇ ಜಾಣರಿರಲಿ) ಅವಕಾಶ ಕಡಿಮೆ.

ಉತ್ತರ 3: ಹೊಸ ಶೂ ಹಾಕಿಕೊಂಡು ಹೋಗುವುದು ಬೇಡ, ಪಾಳಿ ಮುಗಿಯುವವರೆಗೂ ನಿಂತೇ ಇರಬೇಕಾಗುತ್ತದೆ.