ಅಪ್‌ಡೇಟ್: ಓದಲು ಕೂತರೆ ಮನಸ್ಸು ನಿಲ್ಲುವುದಿಲ್ಲ ಎಂದು ಕೇಳಿದ್ದೆನಲ್ಲ

ಕೂತ ಹತ್ತೇ ನಿಮಿಷಕ್ಕೆ ಕೈ ಮೊಬೈಲಿಗೆ ಹೋಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಕೆಲಸಕ್ಕೆ ಬಂದದ್ದು ಇಷ್ಟು.

25 ನಿಮಿಷ ಓದು, 5 ನಿಮಿಷ ಬಿಡುವು. ನಾಲ್ಕು ಸುತ್ತಾದ ಮೇಲೆ 20 ನಿಮಿಷ. ಟೈಮರ್ ಮೊಬೈಲಿನದ್ದು ಬೇಡ, ಹಳೇ ಅಲಾರಂ ಗಡಿಯಾರ ಸಾಕು. ಮೊಬೈಲ್ ಸೈಲೆಂಟ್ ಮಾಡಿ ಮೇಜಿನ ಮೇಲಿಟ್ಟರೆ ಕಣ್ಣು ಅಲ್ಲಿಗೇ ಹೋಗುತ್ತದೆ, ಬೇರೆ ಕೋಣೆಯಲ್ಲೇ ಇರಲಿ. ಬಿಡುವಿನಲ್ಲಿ ರೀಲ್ಸ್ ಹಾಕಿದಿರೋ, ಆ 5 ನಿಮಿಷ ಅರ್ಧ ಗಂಟೆ ಆಯಿತೆಂದೇ ಲೆಕ್ಕ. ಎದ್ದು ನೀರು ಕುಡಿದು ಅಂಗಳದಲ್ಲಿ ಒಂದು ಸುತ್ತು ಹಾಕಿ. ಕರೆಂಟ್ ಬಿಲ್ಲು, ನಾಳೆಯ ಉಡುಪಿ ಬಸ್ಸು ಅಂತ ನಡುವೆ ನೆನಪಾದರೆ ಪಕ್ಕದ ಚೀಟಿಯಲ್ಲಿ ಒಂದು ಸಾಲು ಗೀಚಿ ಮುಂದುವರಿಯಿರಿ.

ಮಂಗಳೂರಿನ ಮೇ ತಿಂಗಳ ಸೆಖೆಯಲ್ಲಿ, ಅದೂ ಕುಚ್ಚಲಕ್ಕಿ ಊಟ ಆದ ಮೇಲೆ, ಕಷ್ಟದ ಪಾಠ ಹಿಡಿಯುವುದು ದಂಡ. ಅದು ಬೆಳಿಗ್ಗೆ 5ಕ್ಕೇ ಸರಿ.