ಎಂ30 ಮಿಕ್ಸ್: ಮೂರು ಕ್ಯೂಬ್‌ನಲ್ಲಿ ಒಂದು ಮಾತ್ರ ಕಡಿಮೆ ಬಂದಿದೆ, ನೀರು ಸೇರಿಸಿದ್ದೇ ಕಾರಣವಾ?

ಸಿವಿಲ್_ಆರನೇಸೆಮ್

ಕಾಂಕ್ರೀಟ್ ಟೆಕ್ನಾಲಜಿ ಪ್ರಾಜೆಕ್ಟ್‌ಗೆ ಐಎಸ್ 10262:2019 (ಭಾರತೀಯ ಮಾನಕ) ಪ್ರಕಾರ ಎಂ30 (28 ದಿನಕ್ಕೆ 30 ನ್ಯೂಟನ್/ಚ.ಮಿ.ಮೀ. ತಾಳಬೇಕಾದ ಕಾಂಕ್ರೀಟ್) ಮಿಕ್ಸ್ ಡಿಸೈನ್. ಒಪಿಸಿ 53 ಸಿಮೆಂಟ್, 20 ಮಿ.ಮೀ. ಜಲ್ಲಿ, ಜೋನ್ 2 (ಕಣಗಳ ಗಾತ್ರದ ವರ್ಗ) ಎಂ-ಸ್ಯಾಂಡ್, ಸೂಪರ್‌ಪ್ಲಾಸ್ಟಿಸೈಸರ್ (ನೀರು ಸೇರಿಸದೆ ಮಾಲನ್ನು ಸಡಿಲ ಮಾಡುವ ರಾಸಾಯನಿಕ) 1%. ಘನ ಮೀಟರಿಗೆ ಸಿಮೆಂಟ್ 350, ನೀರು 158, ಎಂ-ಸ್ಯಾಂಡ್ 704, ಜಲ್ಲಿ 1221 ಕೆಜಿ. ನೀರು-ಸಿಮೆಂಟ್ ಅನುಪಾತ 0.45. ಹೀರಿಕೆ ಎಂ-ಸ್ಯಾಂಡ್‌ಗೆ 3%, ಜಲ್ಲಿಗೆ 0.5%. ಎರಡೂ ಪೂರ್ತಿ ಒಣಗಿದ್ದವು.

25 ಲೀಟರ್ ಬ್ಯಾಚ್, ಆರು ಕ್ಯೂಬ್. ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ಸಡಿಲ ಇದೆ ಅನ್ನುವ ಅಳತೆ) 100 ಮಿ.ಮೀ. ಬೇಕಿತ್ತು, ಬಂದದ್ದು 30. ಅರ್ಧ ಲೀಟರ್ ನೀರು ಸೇರಿಸಿದ ಮೇಲೆ 95. 28 ದಿನಕ್ಕೆ 38, 37 ಮತ್ತು 28 ನ್ಯೂಟನ್/ಚ.ಮಿ.ಮೀ. ಕ್ಯೂಬ್‌ಗಳ ತೂಕ ಅದೇ ಕ್ರಮದಲ್ಲಿ 8.20, 8.18, 7.88 ಕೆಜಿ. ಟಾರ್ಗೆಟ್ 38.25, ಸರಾಸರಿ 34.3.

ನೀರು ಜಾಸ್ತಿಯಾಗಿ ಸ್ಟ್ರೆಂತ್ ಬಿತ್ತು ಅಂತ ರಿಪೋರ್ಟ್‌ನಲ್ಲಿ ಬರೆಯಬಹುದಾ? 28 ಬಂದದ್ದನ್ನು ಬಿಟ್ಟು ಉಳಿದೆರಡರ ಸರಾಸರಿ ಕೊಡಬಹುದಾ?

ಕ್ಯೂಸಿ_ಲ್ಯಾಬ್

ಎರಡಕ್ಕೂ ಇಲ್ಲ. ಮೊದಲು ನೀರಿನ ಲೆಕ್ಕ ನೋಡಿ.

ಡಿಸೈನ್‌ನಲ್ಲಿ ಬರುವ 704 ಮತ್ತು 1221 ಎರಡೂ ಒಳಗೆ ನೀರು ತುಂಬಿ ಮೇಲ್ಮೈ ಒಣಗಿರುವ ಸ್ಥಿತಿಯ ತೂಕ. ನೀವು ಹಾಕಿದ್ದು ಒಣ ಮಾಲು. ಹಾಗಾಗಿ ಎಂ-ಸ್ಯಾಂಡ್ 704/1.03 = 683 ಕೆಜಿ, ಜಲ್ಲಿ 1221/1.005 = 1215 ಕೆಜಿ ತೂಗಬೇಕಿತ್ತು. ಆ ವ್ಯತ್ಯಾಸ, ಅಂದರೆ ಸುಮಾರು 27 ಲೀಟರ್, 158ರ ಮೇಲೆ ನೀರಾಗಿ ಸೇರಬೇಕಿತ್ತು. 25 ಲೀಟರ್ ಬ್ಯಾಚ್‌ಗೆ ಅದು 0.67 ಲೀಟರ್. ನೀವು ಆಮೇಲೆ ಸೇರಿಸಿದ್ದು ಅರ್ಧ ಲೀಟರ್, ಘನ ಮೀಟರಿಗೆ 20 ಲೀಟರ್ ಆಯಿತು. ಬಿಟ್ಟುಹೋಗಿದ್ದ ನೀರೇ ತಡವಾಗಿ ಬಂದಿದೆ, ಅದೂ ಪೂರ್ತಿ ಅಲ್ಲ. 38, 37 ಬಂದಿರುವುದೂ ಇದನ್ನೇ ಹೇಳುತ್ತದೆ: ಮಿಕ್ಸ್ ಟಾರ್ಗೆಟ್‌ನ ಹತ್ತಿರವೇ ಇದೆ.

ಕೆಟ್ಟಿರುವುದು ಆ ಒಂದು ಕ್ಯೂಬ್. ನಿಮ್ಮ ಮಿಕ್ಸ್‌ನ ಒಟ್ಟು ತೂಕ ಘನ ಮೀಟರಿಗೆ 2436 ಕೆಜಿ, 150 ಮಿ.ಮೀ. ಕ್ಯೂಬ್‌ಗೆ 8.22 ಕೆಜಿ ಬರಬೇಕು. 7.88 ಅಂದರೆ 4% ಕಡಿಮೆ, ಅಷ್ಟೂ ಗಾಳಿ. ಒಳಗೆ ಉಳಿದ ಪ್ರತಿ 1% ಗಾಳಿಗೆ ಸ್ಟ್ರೆಂತ್ ಸುಮಾರು 5–6% ಇಳಿಯುತ್ತದೆ. 37.5ರಿಂದ 28ಕ್ಕೆ ಬಿದ್ದದ್ದು 25%, ಲೆಕ್ಕ ಸರಿಹೋಯಿತಲ್ಲ? ತೂಕ ಬರೆದಿಟ್ಟಿದ್ದಕ್ಕೇ ಕಾರಣ ಸಿಕ್ಕಿತು. ಎಷ್ಟೋ ಲ್ಯಾಬ್ ರೆಕಾರ್ಡ್‌ಗಳಲ್ಲಿ ಆ ಕಾಲಂ ಖಾಲಿ ಇರುತ್ತದೆ.

ಆರ್‌ಎಂಸಿ_ಬ್ಯಾಚರ್

ಮೇಲಿನ ಲೆಕ್ಕ ಸರಿ, ಒಂದು ತಿದ್ದುಪಡಿ ಇದೆ. 3% ಅನ್ನುವುದು 24 ಗಂಟೆ ನೆನೆಸಿದಾಗಿನ ಹೀರಿಕೆ. ಮಿಕ್ಸರ್‌ನಲ್ಲಿ ಐದು ನಿಮಿಷಕ್ಕೆ ಒಣ ಎಂ-ಸ್ಯಾಂಡ್ ಅಷ್ಟೂ ಕುಡಿಯುವುದಿಲ್ಲ. 27 ಲೀಟರನ್ನೂ ಒಟ್ಟಿಗೆ ಸುರಿದರೆ ಆರಂಭದಲ್ಲಿ ಸ್ಲಂಪ್ ಜಾಸ್ತಿ ತೋರಿಸುತ್ತದೆ, ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಟ್ರಯಲ್‌ಗೆ ಹಿಂದಿನ ದಿನವೇ ಎಂ-ಸ್ಯಾಂಡ್‌ಗೆ ನೀರು ಚಿಮುಕಿಸಿ ಮುಚ್ಚಿಡಿ, ಬೆಳಿಗ್ಗೆ ತೇವಾಂಶ ಅಳೆದು ತಿದ್ದಿಕೊಳ್ಳಿ. ತೇವ 5%, ಹೀರಿಕೆ 3% ಇದ್ದರೆ ಆ 2% ನೀರನ್ನು ಮಿಕ್ಸ್ ನೀರಿನಿಂದ ಕಳೆದು, ಅಷ್ಟೇ ತೂಕವನ್ನು ಎಂ-ಸ್ಯಾಂಡ್‌ಗೆ ಕೂಡಿಸಿ. ಪ್ಲಾಂಟ್‌ನಲ್ಲೂ ದಿನದ ಮೊದಲ ಕೆಲಸ ಇದೇ. ಮಳೆಗಾಲದಲ್ಲಿ ಮಧ್ಯಾಹ್ನ ಮತ್ತೊಮ್ಮೆ ನೋಡಬೇಕು.

ಮುಂದಿನ ಸಲ ಸ್ಲಂಪ್ ಕಡಿಮೆ ಬಂದರೆ ನೀರಿನ ಮಗ್ ಹಿಡಿಯುವ ಮೊದಲು ತೇವಾಂಶದ ಲೆಕ್ಕ ನೋಡಿ. ಅದು ಸರಿ ಇದ್ದರೆ ಸೂಪರ್‌ಪ್ಲಾಸ್ಟಿಸೈಸರ್ 0.1% ಏರಿಸಿ, ಎರಡು ನಿಮಿಷ ತಿರುಗಿಸಿ ನೋಡಿ. ಎಂ-ಸ್ಯಾಂಡ್‌ನಲ್ಲಿ 75 ಮೈಕ್ರಾನ್‌ಗಿಂತ ಸಣ್ಣ ಪುಡಿ ಎಷ್ಟಿದೆ ಅಂತಲೂ ತೊಳೆದು ಪರೀಕ್ಷಿಸಿ. ಜೋನ್ ಒಂದೇ ಆದರೂ ಪುಡಿ ಜಾಸ್ತಿ ಇರುವ ಲೋಡು ಜಾಸ್ತಿ ನೀರು ಕೇಳುತ್ತದೆ.

ಸಿವಿಲ್_ಆರನೇಸೆಮ್

ಧನ್ಯವಾದ ಸರ್. 28 ಬಂದ ಕ್ಯೂಬ್ ಕೊನೆಗೆ ತುಂಬಿದ್ದು, ಟ್ರೇ ತಳದಲ್ಲಿ ಉಳಿದಿದ್ದ ಮಾಲಿನಿಂದ. ಒಂದು ಮೂಲೆಯಲ್ಲಿ ಜೇನುಗೂಡಿನ ಹಾಗೆ ತೂತುಗಳಿದ್ದವು. ಒಡೆದದ್ದೂ ಒಂದೇ ಪಕ್ಕಕ್ಕೆ.

ಕ್ಯೂಸಿ_ಲ್ಯಾಬ್

ಹಾಗಾದರೆ ಸಂಶಯವೇ ಇಲ್ಲ. ಚೆನ್ನಾಗಿ ತುಂಬಿದ ಕ್ಯೂಬ್ ನಾಲ್ಕೂ ಪಕ್ಕ ಉದುರಿ ಮಧ್ಯೆ ಡಮರುಗದ ಆಕಾರ ಉಳಿಯುತ್ತದೆ. ಒಂದೇ ಪಕ್ಕ ಸೀಳಿದ್ದರೆ ಒಳಗೆ ಟೊಳ್ಳಿದೆ, ಇಲ್ಲವೇ ಕ್ಯೂಬ್ ಪ್ಲೇಟಿನ ನಡುವೆ ಸರಿಯಾಗಿ ಕೂತಿಲ್ಲ. ತುಂಬುವ ಮುಂಚೆ ಟ್ರೇಯಲ್ಲಿರುವ ಮಾಲನ್ನು ಪೂರ್ತಿ ಮಗುಚಿ, ಎಲ್ಲ ಅಚ್ಚುಗಳಿಗೂ ಸರದಿಯಲ್ಲಿ ಒಂದೊಂದೇ ಪದರ ಹಾಕಿ. ಆಗ ತಳದ ಮಾಲು ಒಂದೇ ಅಚ್ಚಿಗೆ ಹೋಗುವುದಿಲ್ಲ. ಕೈಯಲ್ಲಿ ಕುಟ್ಟುವುದಾದರೆ ಮೂರು ಪದರ, 16 ಮಿ.ಮೀ. ರಾಡ್‌ನಿಂದ ಪದರಕ್ಕೆ 35 ಏಟು, ಮೂಲೆಗಳನ್ನು ಬಿಡಬೇಡಿ. ಟೆಸ್ಟ್ ಮಾಡುವಾಗ ಕರಣೆ ಎಳೆದ ಮುಖ ಪ್ಲೇಟಿಗೆ ತಾಗಬಾರದು, ಅಚ್ಚಿನ ಪಕ್ಕದ ಮುಖಗಳ ಮೇಲೆ ಲೋಡ್ ಕೊಡಿ. ವೇಗ ಸೆಕೆಂಡಿಗೆ ಸುಮಾರು 5.25 ಕಿಲೋನ್ಯೂಟನ್.

ಎರಡರ ಸರಾಸರಿ ಕೊಡುವ ಹಾಗಿಲ್ಲ. ಯಾವ ಕ್ಯೂಬೂ ಸರಾಸರಿಯಿಂದ 15%ಗಿಂತ ಹೆಚ್ಚು ದೂರ ಇರಬಾರದು. 34.3ರ 85% ಅಂದರೆ 29.2, ನಿಮ್ಮದು 28. ಆದ್ದರಿಂದ ಇಡೀ ಸ್ಯಾಂಪಲ್ ಅಮಾನ್ಯ, ಮತ್ತೆ ಹಾಕಬೇಕು. ರಿಪೋರ್ಟ್‌ನಲ್ಲಿ ಮೂರೂ ಅಂಕಿ, ಮೂರೂ ತೂಕ, ಆ ಮೂಲೆಯ ಫೋಟೋ ಹಾಕಿ. ಎರಡನೇ ಬ್ಯಾಚ್‌ನ ಫಲಿತಾಂಶ ಪಕ್ಕದಲ್ಲೇ ಇರಲಿ.

ಆರ್‌ಎಂಸಿ_ಬ್ಯಾಚರ್

ಜೊತೆಗೆ ಟಾರ್ಗೆಟ್ ಎಲ್ಲಿಂದ ಬಂತು ಅಂತಲೂ ಎರಡು ಸಾಲು ಬರೆಯಿರಿ. 30 + 1.65 × 5 = 38.25, ಇನ್ನೊಂದು ದಾರಿಯಲ್ಲಿ 30 + 6.5 = 36.5, ದೊಡ್ಡದನ್ನು ತೆಗೆದುಕೊಳ್ಳಬೇಕು. ಆ 5 ಅನ್ನುವುದು ಕೋಡ್ ಊಹಿಸಿ ಕೊಟ್ಟ ವಿಚಲನೆ, ಅಂದರೆ ಫಲಿತಾಂಶಗಳು ಸರಾಸರಿಯಿಂದ ಎಷ್ಟು ಚದುರುತ್ತವೆ ಅನ್ನುವ ಅಳತೆ. ಪ್ಲಾಂಟ್‌ನಲ್ಲಿ 30 ಸ್ಯಾಂಪಲ್‌ನ ಫಲಿತಾಂಶ ಕೈಗೆ ಬಂದ ಮೇಲೆ ನಮ್ಮದೇ ವಿಚಲನೆ ಹಾಕಬಹುದು. ಅದು 3.5ಕ್ಕೆ ಇಳಿದರೆ ಟಾರ್ಗೆಟ್ 36.5 ಆಗುತ್ತದೆ, ಸಿಮೆಂಟ್ ಉಳಿಯುತ್ತದೆ. ಮ್ಯಾನೇಜ್‌ಮೆಂಟ್ ಪೇಪರ್‌ನಲ್ಲಿ ಓದುವ ಕ್ವಾಲಿಟಿ ಕಂಟ್ರೋಲ್ ದುಡ್ಡಾಗುವುದು ಇಲ್ಲಿಯೇ.