ಏಳು ಮತದ ಗೆಲುವು: ಗುಲಾಲು ಯಾವಾಗ ಹಾರಿಸಬೇಕು, ಮೆರವಣಿಗೆ ಎಲ್ಲಿಯವರೆಗೆ ಹೋಗಬೇಕು?

ಪ್ರಶ್ನೆ: ರಾಣೆಬೆನ್ನೂರು ಕಡೆಯವನು

ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. 2020ರ ಡಿಸೆಂಬರ್ 30ರಂದು ಗ್ರಾಮ ಪಂಚಾಯಿತಿ ಮತ ಎಣಿಕೆಯಾದಾಗ ನನ್ನ ಅಣ್ಣ ಏಳು ಮತಗಳಿಂದ ಆರಿಸಿ ಬಂದರು. ಒಂಬತ್ತು ಮತಗಳ ಮುನ್ನಡೆಯ ಸುದ್ದಿ ಎಣಿಕೆ ಕೊಠಡಿಯಿಂದ ಹೊರಬಿದ್ದ ಕೂಡಲೇ ನಮ್ಮ ಹುಡುಗರು ಪಟಾಕಿ ಹಚ್ಚಿದರು. ಅದೇ ಹೊತ್ತಿಗೆ ಒಳಗೆ ಎದುರಾಳಿಗಳು ಮರುಎಣಿಕೆಗೆ ಅರ್ಜಿ ಬರೆಯುತ್ತಿದ್ದರು. ಮರುಎಣಿಕೆಯಲ್ಲಿ ಅಂತರ ಏಳಕ್ಕೆ ಇಳಿಯಿತೇ ಹೊರತು ಫಲಿತಾಂಶ ಬದಲಾಗಲಿಲ್ಲ. ಆದರೂ ಮುಖಕ್ಕೆಲ್ಲ ಗುಲಾಲು ಮೆತ್ತಿಕೊಂಡು ಬಾಯಿ ಕಟ್ಟಿ ನಿಂತಿದ್ದ ಆ ಮುಕ್ಕಾಲು ಗಂಟೆಯನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಸಂಜೆ ಟ್ರ್ಯಾಕ್ಟರ್ ಏರಿ, ಹಲಗೆ ಬಾರಿಸುತ್ತ ಊರು ಹೊಕ್ಕ ಮೆರವಣಿಗೆ ಸೋತವರ ಮನೆಯ ಮುಂದೆ ಹತ್ತು ನಿಮಿಷ ನಿಂತಿತು. ಅವರು ಊರ ಸಂಬಂಧದಲ್ಲಿ ನನಗೆ ಕಾಕಾ ಆಗಬೇಕು. ಅಂದಿನಿಂದ ಎರಡೂ ಮನೆಗಳ ನಡುವೆ ಮಾತು ನಿಂತುಹೋಗಿದೆ.

ಅಣ್ಣ ಮತ್ತೆ ಸ್ಪರ್ಧಿಸುವ ಯೋಚನೆಯಲ್ಲಿದ್ದಾರೆ. ಗೆಲುವು ಪಕ್ಕಾ ಆಯಿತೆಂದು ಯಾವ ಘಟ್ಟದಲ್ಲಿ ತಿಳಿಯಬೇಕು, ಮತ್ತು ಇಷ್ಟು ಕಡಿಮೆ ಅಂತರದ ಗೆಲುವಿನ ಸಂಭ್ರಮವನ್ನು ಹುಡುಗರ ಉತ್ಸಾಹ ಕುಗ್ಗಿಸದೆ ಹೇಗೆ ನಡೆಸಬೇಕು ಎಂಬುದನ್ನು ಅನುಭವ ಉಳ್ಳವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಧಾರವಾಡದ ಹಳೆಯ ಏಜೆಂಟ್

ವಿಧಾನಸಭೆ ಚುನಾವಣೆಗಳಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಎಣಿಕೆ ಕೇಂದ್ರದಲ್ಲಿ ಏಜೆಂಟನಾಗಿ ಕುಳಿತ ಅನುಭವದಿಂದ ಬರೆಯುತ್ತಿದ್ದೇನೆ. ಎಣಿಕೆ ಕೊಠಡಿಗೆ ನಮಗೆ ಮೊಬೈಲ್ ಒಯ್ಯಲು ಬಿಡುವುದಿಲ್ಲ. ಆದ್ದರಿಂದ ಹೊರಗೆ ಧ್ವಜ ಹಿಡಿದು ನಿಂತವರಿಗೆ ತಲುಪುವುದು ಟಿವಿಯ ಅಂಕಿ, ಇಲ್ಲವೇ ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಹಾಕಿದ ಅಂಕಿ; ಅದು ಒಂದು ಸುತ್ತು ಹಿಂದಿನದೂ ಆಗಿರಬಹುದು, ಬರೀ ಸುಳ್ಳೂ ಆಗಿರಬಹುದು. ಕೊನೆಯ ಸುತ್ತು ಮುಗಿದರೂ ಕೆಲಸ ಮುಗಿಯುವುದಿಲ್ಲ. ಚೀಟಿ ಎತ್ತಿ ಆರಿಸಿದ ಐದು ಮತಗಟ್ಟೆಗಳ ವಿವಿಪ್ಯಾಟ್ (ಮತ ಯಾರಿಗೆ ಬಿತ್ತೆಂದು ಕಾಗದದ ಮೇಲೆ ಮುದ್ರಿಸುವ ಯಂತ್ರ) ಚೀಟಿಗಳನ್ನು ಎಣಿಸಿ ಯಂತ್ರದ ಲೆಕ್ಕದೊಂದಿಗೆ ತಾಳೆ ನೋಡಬೇಕು. ತಿರಸ್ಕೃತ ಅಂಚೆ ಮತಗಳ ಸಂಖ್ಯೆ ಗೆಲುವಿನ ಅಂತರಕ್ಕಿಂತ ಹೆಚ್ಚಿದ್ದರೆ ಅವುಗಳನ್ನೂ ಮತ್ತೊಮ್ಮೆ ಪರಿಶೀಲಿಸಬೇಕು. ಚುನಾವಣಾಧಿಕಾರಿ ಒಟ್ಟು ಮತಗಳನ್ನು ಪ್ರಕಟಿಸಿದ ಮೇಲೆ, ಅಂತಿಮ ಫಲಿತಾಂಶ ಪಟ್ಟಿಗೆ ಸಹಿ ಹಾಕುವ ಮುನ್ನ, ಕಾರಣ ನಮೂದಿಸಿ ಮರುಎಣಿಕೆಗೆ ಲಿಖಿತ ಅರ್ಜಿ ಕೊಡಲು ಅವಕಾಶವಿದೆ. ಸಹಿ ಬಿದ್ದ ಮೇಲೆ ಆ ಬಾಗಿಲು ಮುಚ್ಚುತ್ತದೆ; ಉಳಿಯುವುದು 45 ದಿನದೊಳಗೆ ಹೈಕೋರ್ಟಿಗೆ ಸಲ್ಲಿಸುವ ಚುನಾವಣಾ ತಕರಾರು ಅರ್ಜಿ ಮಾತ್ರ.

2023ರ ಮೇ 13ರಂದು ಬೆಂಗಳೂರಿನ ಜಯನಗರದಲ್ಲಿ ಸೌಮ್ಯಾ ರೆಡ್ಡಿ ಅವರು ಗೆದ್ದರೆಂದು ಬೆಂಬಲಿಗರು ನಂಬಿದ್ದರು. ರಾತ್ರಿ ನಡೆದ ಮರುಎಣಿಕೆಯ ಬಳಿಕ ಸಿ.ಕೆ. ರಾಮಮೂರ್ತಿ ಅವರು 16 ಮತಗಳಿಂದ ಗೆದ್ದರೆಂದು ಘೋಷಿಸಲಾಯಿತು.

ಪಂಚಾಯಿತಿಯಲ್ಲಿ ಮತಪತ್ರಗಳ ಕಟ್ಟನ್ನು ಕೈಯಿಂದ ಎಣಿಸುವಾಗ ಎರಡು ಚಿಹ್ನೆಗಳ ನಡುವಿನ ಗೆರೆಯ ಮೇಲೆ ಬಿದ್ದ ಮುದ್ರೆಯೇ ಜಗಳದ ಮೂಲ. ನಿಮ್ಮ ಅಂತರ ಒಂಬತ್ತರಿಂದ ಏಳಕ್ಕೆ ಇಳಿದದ್ದೂ ಬಹುಶಃ ಹಾಗೆಯೇ. ಗೆಲುವಿನ ಪ್ರಮಾಣಪತ್ರ ಅಣ್ಣನವರ ಕೈಗೆ ಬರುವವರೆಗೆ ಪಟಾಕಿ ಚೀಲದ ಬಾಯಿ ಬಿಚ್ಚಬೇಡಿ.

ಉತ್ತರ: ಹಿರೇಕೆರೂರಿನವನು

2018ರಲ್ಲಿ ನಮ್ಮ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಬಿ.ಸಿ. ಪಾಟೀಲರು ಬಿಜೆಪಿಯ ಯು.ಬಿ. ಬಣಕಾರರನ್ನು 555 ಮತಗಳಿಂದ ಸೋಲಿಸಿದರು. ಒಂದು ಬಣ ಕುಣಿಯಿತು, ಇನ್ನೊಂದು ಬಣ ಬಾಗಿಲು ಹಾಕಿಕೊಂಡಿತು. ಮರುವರ್ಷವೇ ಪಾಟೀಲರು ಬಿಜೆಪಿ ಸೇರಿ, ಡಿಸೆಂಬರ್ ಉಪಚುನಾವಣೆಯಲ್ಲಿ ಆರಿಸಿ ಬಂದರು. 2023ರಲ್ಲಿ ಬಣಕಾರರು ಕಾಂಗ್ರೆಸ್ಸಿನಿಂದ ನಿಂತು ಪಾಟೀಲರನ್ನು ಸುಮಾರು 15,000 ಮತಗಳಿಂದ ಸೋಲಿಸಿದರು. ನಾಯಕರು ಪಕ್ಷವನ್ನು ಅದಲುಬದಲು ಮಾಡಿಕೊಂಡರು. 2018ರ ರಾತ್ರಿ ನಮ್ಮ ಮನೆಯೆದುರು ಕೇಕೆ ಹಾಕಿದ ಗೆಳೆಯನೂ ನಾನೂ ಬೇರೆಬೇರೆ ಅಂಗಡಿಯಲ್ಲಿ ಚಹಾ ಕುಡಿಯುವುದು ಮಾತ್ರ ತಪ್ಪಲಿಲ್ಲ. ಯಾರ ಸಲುವಾಗಿ ಜಗಳವಾಡಿದೆವು ಎಂದು ಯಾರಾದರೂ ಕೇಳಿದರೆ ಇಬ್ಬರಲ್ಲೂ ನೆಟ್ಟಗಿನ ಉತ್ತರವಿಲ್ಲ.

ಉತ್ತರ: ಕುಂದಗೋಳದ ಕಾರ್ಯಕರ್ತ

ಮೇಲಿನವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮಲ್ಲಿ 2018ರಲ್ಲಿ ಸಿ.ಎಸ್. ಶಿವಳ್ಳಿಯವರು 634 ಮತಗಳಿಂದ ಗೆದ್ದರು. ಅವರು ತೀರಿಕೊಂಡ ಮೇಲೆ 2019ರ ಮೇ ತಿಂಗಳಲ್ಲಿ ನಡೆದ ಉಪಚುನಾವಣೆಯಲ್ಲಿ ಅವರ ಪತ್ನಿ ಕುಸುಮಾ ಶಿವಳ್ಳಿಯವರು 1,601 ಮತಗಳಿಂದ ಗೆದ್ದರು. ಇಂಥ ಚುನಾವಣೆಯಲ್ಲಿ ಬಿಸಿಲಲ್ಲಿ ಮನೆಮನೆ ತಿರುಗಿದ ಪ್ರತಿಯೊಬ್ಬನಿಗೂ ಆ ಅಂತರ ತನ್ನ ಓಣಿಯಿಂದಲೇ ಬಂದಿತೆಂದು ಅನ್ನಿಸುತ್ತದೆ. ಇಪ್ಪತ್ತು ಸಾವಿರದಿಂದ ಗೆದ್ದಾಗ ಕಾರ್ಯಕರ್ತನನ್ನು ಯಾರೂ ಮಾತನಾಡಿಸುವುದಿಲ್ಲ. ಆದ್ದರಿಂದ ಹಲಗೆಯನ್ನು ನಿಲ್ಲಿಸಬೇಡಿ, ಮೆರವಣಿಗೆಯ ದಾರಿಯನ್ನು ಬದಲಿಸಿ. ಟ್ರ್ಯಾಕ್ಟರ್ ಚಾಲಕ ನಿಮ್ಮ ಮಾತು ಕೇಳುವವನಾಗಿರಲಿ. ಮೆರವಣಿಗೆ ಎಲ್ಲಿ ನಿಲ್ಲಬೇಕೆಂಬುದನ್ನು ನಿಜವಾಗಿ ತೀರ್ಮಾನಿಸುವವನು ಅವನೇ.

ಉತ್ತರ: ಗದಗಿನ ಅಕ್ಕ

ಗದಗ ಕ್ಷೇತ್ರದಲ್ಲಿ 2018ರಲ್ಲಿ ಎಚ್.ಕೆ. ಪಾಟೀಲರು ಗೆದ್ದ ಅಂತರ 1,868. ಅಷ್ಟು ದೊಡ್ಡ ಕ್ಷೇತ್ರದಲ್ಲಿ ಯಾರ ಮತ ಯಾವ ಕಡೆ ಹೋಯಿತೆಂದು ಯಾರೂ ಬೆರಳು ಮಾಡಿ ತೋರಿಸಲಾರರು. ನಿಮ್ಮ ವಾರ್ಡಿನ ಸಂಗತಿ ಬೇರೆ, ತಮ್ಮಾ. ಏಳು ಮತ ಎಂದರೆ ಎರಡು ಮನೆಯ ಮತ. ಎಣಿಕೆಯ ರಾತ್ರಿಯೇ ಕಟ್ಟೆಯ ಮೇಲೆ ಮತದಾರರ ಪಟ್ಟಿ ಹರವಿಕೊಂಡು, ಯಾವ ಮನೆ ಕೈಕೊಟ್ಟಿತೆಂದು ಗುರುತು ಹಾಕುತ್ತಾರೆ. ಗುಪ್ತ ಮತದಾನ ಇರುವುದೇ ಇದನ್ನು ತಡೆಯಲಿಕ್ಕೆ ಎಂಬುದು ಆಗ ಯಾರಿಗೂ ನೆನಪಿರುವುದಿಲ್ಲ. ಮೆರವಣಿಗೆ ನಿಲ್ಲುವುದು ಸೋತವರ ಮನೆಯೆದುರು ಮಾತ್ರವಲ್ಲ, ಈ ಗುರುತು ಬಿದ್ದ ಮನೆಗಳ ಎದುರೂ ನಿಲ್ಲುತ್ತದೆ. ನಮ್ಮ ಊರಿನಲ್ಲಿ ಹಾಗೆ ನಿಂತದ್ದು ನಮಗೇ ಮತ ಹಾಕಿದ್ದ ಮನೆಯ ಮುಂದೆ ಎಂದು ಆಮೇಲೆ ತಿಳಿಯಿತು. ಮರುದಿನ ನಳದ ಹತ್ತಿರ ಆ ಮನೆಯವರ ಎದುರು ಕೊಡ ಹಿಡಿದು ನಿಂತವರು ಮೆರವಣಿಗೆಯ ಗಂಡಸರಲ್ಲ, ನಾವು. ಮೊದಲು ಆ ಪಟ್ಟಿಯನ್ನು ಮಡಚಿಡಿಸಿ. ಗುಲಾಲನ್ನು ಮನಸ್ಸಿದ್ದವರ ಹಣೆಗೆ ಮಾತ್ರ ಹಚ್ಚಿ. ಒಣಗಲು ಹಾಕಿದ ಹಪ್ಪಳ, ಸಂಡಿಗೆ ಕೆಂಪಾದರೆ ಅದನ್ನು ಯಾವ ಅಧ್ಯಕ್ಷರೂ ತಿರುಗಿ ಕೊಡುವುದಿಲ್ಲ.

ಪ್ರಶ್ನೆ ಕೇಳಿದವನು

ಎಲ್ಲರಿಗೂ ನಮಸ್ಕಾರ. ಪಂಚಾಯಿತಿ ಫಲಿತಾಂಶದ ವಿರುದ್ಧ ತಕರಾರು ಸಲ್ಲಿಸಲು 30 ದಿನಗಳ ಗಡುವಿದೆ ಎಂದು ಇಲ್ಲಿನ ವಕೀಲರು ಹೇಳಿದ್ದಾರೆ. ಅಷ್ಟು ದಿನ ಹುಡುಗರನ್ನು ಕಟ್ಟಿಹಾಕಲು ಆಗುವುದಿಲ್ಲ, ಪ್ರಮಾಣಪತ್ರದವರೆಗೆ ಮಾತ್ರ ತಡೆಯುತ್ತೇನೆ. ಗೆದ್ದರೆ ಮೆರವಣಿಗೆ ಅಗಸಿಯಿಂದ ಹನುಮಪ್ಪನ ಗುಡಿಯವರೆಗೆ ಹೋಗಿ ಅಲ್ಲಿಯೇ ಮುಗಿಯಲಿ ಎಂದು ಅಣ್ಣನನ್ನು ಒಪ್ಪಿಸಿದ್ದೇನೆ. ಕಾಕಾ ಅವರ ಮನೆ ಗುಡಿಯ ಆಚೆಗಿದೆ. ಅಲ್ಲಿಗೆ ಈ ಸಲ ಫಲಿತಾಂಶದ ದಿನ ಕಾಯದೆ, ಚುನಾವಣೆಗೆ ಮೊದಲೇ ನಾನೊಬ್ಬನೇ ಹೋಗಿಬರಬೇಕೆಂದಿದ್ದೇನೆ. ಅಕ್ಕ ಹೇಳಿದ ಪಟ್ಟಿ ಇನ್ನೂ ನಮ್ಮ ಮನೆಯ ಜಂತಿಯಲ್ಲಿಯೇ ಇತ್ತು, ಇಂದು ತೆಗೆದು ನೋಡಿದೆ. ಪೆನ್ಸಿಲ್ಲಿನಿಂದ ಗುರುತು ಹಾಕಿದ ಹನ್ನೊಂದು ಹೆಸರುಗಳಿವೆ, ಅಕ್ಷರ ನನ್ನದೇ.